ಎಡಗೈ ಹರಿಗೋಲು

"ಗುರುಗಳೇ, ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು. ಅವನ ಗುರುತಿಗೆಂದು ಮನೆಯಲ್ಲಿ ಒಂದು ವಸ್ತುವೂ ಉಳಿದಿಲ್ಲ. ಏನನ್ನು ಎದುರಿಗಿಟ್ಟುಕೊಂಡು ಅವನನ್ನು ನೆನೆಯಲಿ?"

ಶಿಷ್ಯ ಬಾವಿಕಟ್ಟೆಯ ಮೇಲೆ ಕುಳಿತು ಹೀಗೆ ಕೇಳಿದ. ಅವನ ಮಡಿಲಲ್ಲಿ ಕೊಡವಿತ್ತು. ಹಳೆಯ ಹಗ್ಗ ಸವೆದುಹೋಗಿದ್ದರಿಂದ ಕೊಡದ ಕೊರಳಿಗೆ ಹೊಸ ಹಗ್ಗ ಕಟ್ಟುತ್ತಿದ್ದ. ಗುರುಗಳು ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಹೊಳೆಯ ದಡದ ಒಂದು ಊರಿನಲ್ಲಿ ಹರಿಗೋಲು ಹೆಣೆಯುವವನೊಬ್ಬನಿದ್ದ. ಬಿದಿರು ಸೀಳಿ, ದೊಡ್ಡ ಬುಟ್ಟಿಯಂತೆ ಹೆಣೆದು, ಮೇಲೆ ತೊಗಲು ಹೊದಿಸುವುದು ಅವನ ಕಸುಬು. ಅವನು ಎಡಗೈಯಲ್ಲಿ ಕೆಲಸ ಮಾಡುವವನು. ಹಾಗಾಗಿ ಅವನ ಹರಿಗೋಲಿನ ಅಂಚಿನ ಕಟ್ಟು ಉಳಿದವರದಕ್ಕೆ ಎದುರು ದಿಕ್ಕಿನಲ್ಲಿ ಸುತ್ತಿಕೊಂಡಿರುತ್ತಿತ್ತು.

ಆ ಊರಿನವರು ಹೊಳೆಯ ಜೊತೆ ತೇಲಿಕೊಂಡು ಕೆಳಗಿನ ಊರುಗಳಿಗೆ ಹೋಗುತ್ತಿದ್ದರು. ಸೆಳವಿಗೆ ಎದುರಾಗಿ ಹರಿಗೋಲು ಮೇಲೆ ಬರುವುದಿಲ್ಲ. ಆದ್ದರಿಂದ ಹಿಂತಿರುಗುವಾಗ ಅದನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ದಡ ಹಿಡಿದು ನಡೆದುಬರುತ್ತಿದ್ದರು. ದೂರದಿಂದ ನೋಡಿದರೆ ಹರಿಗೋಲಿಗೇ ಕಾಲು ಮೂಡಿದಂತೆ ಕಾಣುತ್ತಿತ್ತು.

ಇವನು ಮಾತ್ರ ಬರಿಗೈಯಲ್ಲಿ ಬರುತ್ತಿದ್ದ. ಹೊಳೆ ಎಲ್ಲಿಗೆ ಹೋಗುತ್ತದೆಂದು ನೋಡುವ ಹುಚ್ಚು ಅವನಿಗೆ. ಯಾರೂ ಹೋಗದ ಮಡು, ಬಂಡೆಗಳನ್ನು ದಾಟಿ ಇಳಿಯುತ್ತಿದ್ದ. ಅಲ್ಲಿಯ ಜನ ಸೋರೆಬುರುಡೆ ಅಪ್ಪಿಕೊಂಡು, ಜೀವ ಕೈಯಲ್ಲಿ ಹಿಡಿದು ಹೊಳೆ ಈಜುವುದನ್ನು ಕಂಡರೆ ಅವನಿಗೆ ಮುಂದೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಒಂದಿಷ್ಟು ದಿನ ಅಲ್ಲೇ ಇದ್ದು, ಹೆಣೆಯುವುದನ್ನು ತೋರಿಸಿ, ತನ್ನ ಹರಿಗೋಲನ್ನೂ ಅವರಿಗೇ ಬಿಟ್ಟು ಮನೆಯ ದಾರಿ ಹಿಡಿಯುತ್ತಿದ್ದ.

"ಇವನ ಹರಿಗೋಲಿಗೆ ಹೋಗುವ ದಾರಿ ಮಾತ್ರ ಗೊತ್ತು" ಎಂದು ಊರವರು ನಗುತ್ತಿದ್ದರು. ಹೆಂಡತಿ ನಗುತ್ತಿರಲಿಲ್ಲ. "ಈ ಸಲವೂ ತಲೆ ಬರಿದಾಗಿಯೇ ಬಂತೇ, ಮಹಾರಾಯಾ?" ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದಳು. "ಮುಂದಿನದನ್ನು ಖಂಡಿತ ಹೊತ್ತು ತರುತ್ತೇನೆ, ಮಾರಾಯ್ತಿ" ಎಂದು ಅವನು ತಲೆ ಬಾಗಿಸಿ ಒಳಗೆ ನುಸುಳುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಮಾತು ಕಡಿಮೆ, ಕಣ್ಣು ಚುರುಕು. ಅಪ್ಪ ಹೆಣೆಯುವಾಗ ಬಿದಿರಿನ ಸೀಳಿನ ತುದಿಯನ್ನು ಕಾಲಿನಿಂದ ಮೆಟ್ಟಿ ಹಿಡಿಯುವುದು ಅವಳ ಕೆಲಸ. ಹೊಸದು ಸಿದ್ಧವಾದಾಗಲೆಲ್ಲ ಮೊದಲ ಸವಾರಿ ಹೆಂಡತಿ ಮಗಳಿಗೇ. ನಡುಹೊಳೆಯಲ್ಲಿ ಹರಿಗೋಲು ಗಿರ್ರೆಂದು ಸುತ್ತಿದಾಗ ಮಗಳು ಹೆದರುತ್ತಿದ್ದಳು. ಆಗ ಅವನು, "ನೀರು ನೋಡಬೇಡ, ದಡ ನೋಡಬೇಡ. ನನ್ನ ಮೂಗು ನೋಡು" ಎನ್ನುತ್ತಿದ್ದ. ಅವನದು ಬದನೆಕಾಯಿಯಂಥ ಮೂಗು. ನೋಡಿದರೆ ನಗು ಬರುತ್ತಿತ್ತು. ನಗುವಷ್ಟರಲ್ಲಿ ದಡ ಬಂದಿರುತ್ತಿತ್ತು.

ಮಗಳು ದೊಡ್ಡವಳಾದಳು. ಅವಳಿಗೂ ಮಕ್ಕಳಾದವು. ಒಂದು ಬೇಸಿಗೆಯಲ್ಲಿ ಅವನು ತೀರಿಕೊಂಡ.

ಅವರಲ್ಲಿ ಒಂದು ವಾಡಿಕೆಯಿತ್ತು. ವರ್ಷದ ದಿನ, ತೀರಿಕೊಂಡವನ ಹರಿಗೋಲನ್ನು ಅಂಗಳದಲ್ಲಿ ಬೋರಲು ಹಾಕಿ, ಅದರ ಮೇಲೆ ಎಡೆ ಇಡಬೇಕು. ಇವನು ಹೆಣೆದದ್ದೆಲ್ಲ ಹೊಳೆಯ ಕೆಳಗೇ ಉಳಿದಿತ್ತು; ಮನೆಯಲ್ಲಿ ಹರಿಗೋಲೇ ಇರಲಿಲ್ಲ. ವರ್ಷದ ದಿನ ಹತ್ತಿರವಾದಂತೆ ಅವನ ಹೆಂಡತಿ ಮಾತು ಬಿಟ್ಟಳು, ಊಟ ಬಿಟ್ಟಳು.

"ಲೋಕಕ್ಕೆಲ್ಲ ಹೊಳೆ ದಾಟಿಸಿದ. ಅವನಿಗೊಂದು ತುತ್ತು ಅನ್ನ ಇಡೋಣವೆಂದರೆ ನನಗೆ ಜಾಗವನ್ನೇ ಉಳಿಸಲಿಲ್ಲ" ಎಂದು ಒಂದು ದಿನ ಅತ್ತಳು.

"ಕೆಳಗಿನ ಊರುಗಳಲ್ಲಿ ಒಂದಾದರೂ ಉಳಿದಿರುತ್ತದೆ, ಅವ್ವ. ಕೇಳಿ ತರುತ್ತೇನೆ" ಎಂದು ಮಗಳು ಹೊರಟಳು.

ಅಂಚಿನ ಕಟ್ಟು ನೋಡಿದರೆ ಗುರುತು ಸಿಗುತ್ತದೆಂಬ ಧೈರ್ಯ ಅವಳಿಗೆ. ದಡ ಹಿಡಿದು ಕೆಳಕ್ಕೆ ಕೆಳಕ್ಕೆ ನಡೆದಳು. ಬಂಡೆಗಳಾಚೆಯ ಮೊದಲ ಊರಿನಲ್ಲಿ ಹರಿಗೋಲುಗಳನ್ನು ಬೋರಲು ಹಾಕಿ ಒಣಗಿಸಿದ್ದರು. ಮೊದಲನೆಯದರ ಅಂಚು ಮುಟ್ಟಿದಳು. ಎಡಗೈ ಸುತ್ತು! ಪಕ್ಕದ್ದನ್ನು ಮುಟ್ಟಿದಳು. ಅದೂ ಹಾಗೆಯೇ. ಅದರಾಚೆಯದೂ ಹಾಗೆಯೇ. ಇಷ್ಟರಲ್ಲಿ ಅಪ್ಪನದು ಯಾವುದು? ಅವಳಿಗೆ ತಿಳಿಯಲಿಲ್ಲ.

ಹರಿಗೋಲು ನಡೆಸುವ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಏನವ್ವ, ಹರಿಗೋಲು ನೋಡೋಕೆ ಬಂದೆಯೋ, ಹೆಣ್ಣು ನೋಡೋಕೆ ಬಂದೆಯೋ? ಆಗಿನಿಂದ ಒಂದೊಂದರ ಮೈ ತಡವುತ್ತಿದ್ದೀಯಲ್ಲ!"

"ಇದರಲ್ಲಿ ಮೇಲಿನ ಊರಿನವರು ಹೆಣೆದದ್ದು ಯಾವುದಕ್ಕ?"

"ಮೇಲಿನ ಊರಿನವರೇ? ಯಾರವರು? ಎಲ್ಲ ನಾವೇ ಹೆಣೆದದ್ದು. ಹಳೆಯವೆಲ್ಲ ಮುರಿದು ಒಲೆ ಸೇರಿ ಎಷ್ಟೋ ಕಾಲವಾಯಿತು."

"ಮತ್ತೆ ಅಂಚನ್ನು ಯಾಕೆ ಈ ಕಡೆಗೆ ಸುತ್ತಿದ್ದೀರಿ?"

"ಇನ್ಯಾವ ಕಡೆಗೆ ಸುತ್ತಬೇಕು? ನಮ್ಮವ್ವ ಹೀಗೇ ಸುತ್ತುತ್ತಿದ್ದಳು. ನಿಜ ಹೇಳಬೇಕೆಂದರೆ ಬಲಗೈಗೆ ಬಲು ತ್ರಾಸು. ಆದರೆ ಹರಿಗೋಲು ಅಂದಮೇಲೆ ಹೀಗೇ ತಾನೇ ಇರಬೇಕು?"

ಮಗಳು ಮರಳಿನ ಮೇಲೆ ಕುಳಿತುಬಿಟ್ಟಳು. ಅವ್ವನಿಗೆ ಏನು ಹೇಳುವುದು?

ಅಷ್ಟರಲ್ಲಿ ಒಬ್ಬ ಮುದುಕಿ ಆಚೆ ದಡಕ್ಕೆ ಹೋಗಲು ಹರಿಗೋಲು ಹತ್ತಿದಳು. ಅದು ಸುತ್ತತೊಡಗಿದ್ದೇ, "ಅಯ್ಯೋ, ಸತ್ತೆ, ಇಳಿಸೇ!" ಎಂದು ಕೂಗಿದಳು. ನಡೆಸುವವಳು ಗದರಿದಳು: "ನೀರು ನೋಡಬೇಡಜ್ಜಿ, ದಡ ನೋಡಬೇಡ. ನನ್ನ ಮೂಗು ನೋಡು."

ಅವಳದು ಕಡಲೆಕಾಳಿನಷ್ಟು ಮೂಗು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಮುದುಕಿ ನೋಡಿದಳು. ಸುಮ್ಮನಾದಳು.

ದಡದ ಮೇಲೆ ಮಗಳು ಎದ್ದು ನಿಂತಳು. ನಡೆಸುವವಳು ಹಿಂತಿರುಗಿ ಬರುವವರೆಗೆ ಕಾದಳು. "ಅಕ್ಕ, ನನಗೊಂದು ಹರಿಗೋಲು ಬೇಕು. ನಮ್ಮಪ್ಪನ ಎಡೆಗೆ" ಎಂದಳು. ಆ ಹೆಂಗಸು ಆಮೇಲೆ ಒಂದೂ ತಮಾಷೆ ಮಾಡಲಿಲ್ಲ. ತಾನು ಹೊಸದಾಗಿ ಹೆಣೆದದ್ದನ್ನು ಎತ್ತಿ ಅವಳ ತಲೆಯ ಮೇಲಿಟ್ಟಳು.

ತಾಯಿ ಬಾಗಿಲಲ್ಲಿ ಕುಳಿತಿದ್ದಳು. ದೂರದಲ್ಲಿ ಕಾಲು ಮೂಡಿದ ಹರಿಗೋಲೊಂದು ದಡದ ಗುಂಟ ಬರುತ್ತಿತ್ತು. ಹೊತ್ತವರ ಮುಖ ಕಾಣಲಿಲ್ಲ. ತಾಯಿ ಗೋಡೆ ಹಿಡಿದು ಎದ್ದಳು. ಮಗಳು ಅಂಗಳಕ್ಕೆ ಬಂದು ಇಳಿಸಿದ ಮೇಲೆ ತಾಯಿ ಅದರ ಅಂಚಿನ ಸುತ್ತಲೂ ಬೆರಳಾಡಿಸಿದಳು.

ಸುಳ್ಳು ಹೇಳಲು ಮಗಳಿಗೆ ನಾಲಿಗೆ ಏಳಲಿಲ್ಲ. "ಅವ್ವ, ಇದು ಅಪ್ಪ ಹೆಣೆದದ್ದಲ್ಲ. ಅಪ್ಪನ ಹೆಸರೂ ಕೇಳದವಳು ಹೆಣೆದದ್ದು."

ತಾಯಿ ಬೆರಳು ತೆಗೆಯಲಿಲ್ಲ. "ಅಂತೂ ಒಂದನ್ನು ಹೊತ್ತು ತಂದೆಯಲ್ಲ, ಮಹಾರಾಯಾ" ಎಂದಳು. ಅದು ಮಗಳಿಗೆ ಹೇಳಿದ್ದಲ್ಲ. ಆಮೇಲೆ ಎಡೆಗೆ ಅಕ್ಕಿ ತೊಳೆಯಲು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವಳಿಗಾದರೂ ಒಂದು ಹರಿಗೋಲು ಸಿಕ್ಕಿತು, ಗುರುಗಳೇ. ನಾನು ಯಾವ ಹೊಳೆಯ ದಡದಲ್ಲಿ ಹುಡುಕಲಿ?" ಎಂದ. ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಕುಣಿಕೆಯೊಳಗೆ ಎರಡು ಸಲ ತೂರಿಸಿ, ಜಗ್ಗಿ ಬಿಗಿದ.

ಗುರುಗಳು ಕೇಳಿದರು: "ಹಾಗೆ ಗಂಟು ಹಾಕಲು ನಿನಗೆ ಯಾರು ಹೇಳಿಕೊಟ್ಟರು, ಮಗು?"

ಹಗ್ಗ ಶಿಷ್ಯನ ಹಲ್ಲಿನಲ್ಲೇ ಉಳಿಯಿತು.