ರಾಜನ ಕಾರೂ ಬಿಗಿದ ಸ್ಪ್ರಿಂಗೂ

“ಕೇಳ್ರಪ್ಪೋ ಕೇಳ್ರಿ. ಪ್ರಭುಗಳ ಓಟದ ಕಾರು ಎರಡು ಪಂದ್ಯ ಸೋತೈತಿ. ಎಂಜಿನ್ ಕೆಡಿಸಿದವ ಮೇಸ್ತ್ರಿ ಹೊನ್ನಪ್ಪ. ಅಮಾವಾಸ್ಯೆಗೆ ಅವನಿಗೆ ನೇಣು. ಅಷ್ಟರೊಳಗ ಪ್ರಭುಗಳ ಮೂರು ಒಗಟು ಬಿಡಿಸಿದವರಿಗೆ ಬೇಡಿದ ವರ. ತಪ್ಪಿದವರಿಗೆ ಅದೇ ಹಗ್ಗ.”

ಡಂಗುರ ಕೇಳಿ ಮಾಳವ್ವ ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟಳು. ಊರೂರು ತಿರುಗಿ ಪಂಪ್‌ಸೆಟ್ ರಿಪೇರಿ ಮಾಡುವ ಹೆಂಗಸು. ಹೊನ್ನಪ್ಪ ಅವಳಿಗಿದ್ದ ಒಬ್ಬನೇ ಅಣ್ಣ. ಅವಳು ಅರಮನೆಯ ದಾರಿ ಹಿಡಿದಳು.

ಒಗಟೇನೋ ಭದ್ರನಾಯಕ ರಾಜನದು, ಮೊದಲನೆಯದು ಬಿಟ್ಟರೆ ಉತ್ತರ ಅವನಿಗೂ ಗೊತ್ತಿರಲಿಲ್ಲ. ಸರಿ ತಪ್ಪು ಎಂಜಿನ್ನೇ ಹೇಳಬೇಕಿತ್ತು.

“ನಿಧಾನವಾಗಿ ನಡೆದರೆ ತಪ್ಪದೆ ಮುಚ್ಚುವ ಬಾಗಿಲು, ಓಡಿದರೆ ಮುಚ್ಚಲು ಮರೆಯುತ್ತದೆ. ಯಾಕೆ?” ಎಂದ ರಾಜ.

ಕೋಟು ತೊಟ್ಟ ಎಂಜಿನಿಯರ್ ಪೆಟ್ರೋಲಿನ ಮೇಲೆ ತಪ್ಪು ಹೊರಿಸಿದ. ಪೆಟ್ರೋಲ್ ಬದಲಾಯಿತು, ಎಂಜಿನ್ ಬದಲಾಗಲಿಲ್ಲ. ಅವನನ್ನು ಕಟ್ಟಿಹಾಕಿದರು. ಮಂತ್ರಿಯ ಅಳಿಯ, “ಬಾಗಿಲು ಅಂದರೆ ಎಂಜಿನ್ನಿನ ವಾಲ್ವ್, ಅದನ್ನು ಮುಚ್ಚುವ ಸ್ಪ್ರಿಂಗಿಗೆ ಬಲ ಸಾಲದು” ಎಂದ. ಅದು ಸರಿಯಿತ್ತು.

ರಾಜ ಎರಡನೆಯದು ಕೇಳಿದ. “ಮೊದಲ ಪಂದ್ಯ ಸೋತ ಮೇಲೆ ಅದಕ್ಕೇ ಎರಡು ಪಟ್ಟು ಬಿಗಿಯಾದ ಸ್ಪ್ರಿಂಗ್ ಹಾಕಿಸಿದೆ. ಈಗ ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ, ಟಕಟಕ ಸದ್ದು ಬೇರೆ. ಬಲ ಕೊಟ್ಟರೆ ಬಲ ಹೋದದ್ದೇಕೆ?”

“ಇನ್ನೂ ಬಿಗಿ ಸಾಲದು, ಪ್ರಭು” ಎಂದ ಅಳಿಯ.

ಇನ್ನಷ್ಟು ಬಿಗಿದರು. ಸದ್ದು ಇನ್ನಷ್ಟು ಜೋರಾಯಿತು. ಅಳಿಯನೂ ಎಂಜಿನಿಯರ್ ಪಕ್ಕ ಕೂತ.

ಮಾಳವ್ವ ಮುಂದೆ ಬಂದಳು. ವಾಲ್ವ್ ಎತ್ತುವ ಲಿಫ್ಟರ್ ಒಂದನ್ನು ಬಿಚ್ಚಿ ಹೆಬ್ಬೆರಳಿನಿಂದ ಒತ್ತಿದಳು. ಅದು ಜಗ್ಗಲಿಲ್ಲ. ಬಿಗಿಯಾಗಿ ಹಿಸುಕುವ ವೈಸಿಗೆ ಸಿಕ್ಕಿಸಿ ಅದರ ಹಿಡಿ ತಿರುಗಿಸಿದಳು. ಎಣ್ಣೆ ಜಿನುಗಿತು, ಲಿಫ್ಟರ್ ಮೆಲ್ಲಗೆ ಕುಸಿಯಿತು.

“ಇದರ ಹೊಟ್ಟಿಯೊಳಗ ಎಣ್ಣಿ ಐತ್ರೀ. ಆ ಎಣ್ಣಿ ಬಲದಿಂದನ ವಾಲ್ವ್ ಎತ್ತತೈತಿ. ಸ್ಪ್ರಿಂಗ್ ಮಿತಿ ಮೀರಿ ಒತ್ತಿದರ ಎಣ್ಣಿ ಸೋರಿ ಇದು ಕುಸೀತೈತಿ. ಕುಸಿದಷ್ಟೂ ಬಾಗಿಲು ಕಡಿಮಿ ತೆರೀತೈತಿ.”

ರಾಜ ಮೂರನೆಯದು ಕೇಳಿದ. “ಸಡಿಲಾದರೂ ಸೋಲು, ಬಿಗಿದರೂ ಸೋಲು. ಹಾಗಾದರೆ ತಪ್ಪು ಯಾರದು?”

ಸ್ಪ್ರಿಂಗ್ ಮಾರಿದವನ ಹೆಸರು ಹೇಳಿದ್ದರೆ ಅವಳ ತಲೆ ಉಳಿಯುತ್ತಿತ್ತೇನೋ. ಮಾಳವ್ವ ಎದುರಿಗೆ ನಿಲ್ಲಿಸಿದ್ದ ಅಣ್ಣನ ಕೈಗೆ ಬಿಗಿದ ಹಗ್ಗ ನೋಡಿದಳು.

“ಎಷ್ಟು ತಾಳತೈತಿ ಅಂತ ಕೇಳದನ ‘ಬಿಗಿ ಮಾಡು’ ಅಂದವರದು, ಪ್ರಭು.”

ಅವಳು ಕೆಲಸಕ್ಕೆ ಕೂತಳು. ಹಳೆಯದಕ್ಕಿಂತ ತುಸು ಗಟ್ಟಿ, ಹೊಸದಕ್ಕಿಂತ ಬಹಳ ಮೆದು ಸ್ಪ್ರಿಂಗ್ ಆರಿಸಿ, ಸ್ಪ್ರಿಂಗ್‌ಗಳ ಮೇಲೆ ಕೂರುವ ದಪ್ಪ ಲೋಹದ ಟೋಪಿಗಳನ್ನು ತೆಗೆದು ಹಗುರವಾದವನ್ನು ಕೂರಿಸಿದಳು. ಭಾರ ಇಳಿದರೆ ಅಷ್ಟೇ ಬಲ ಸಾಕಾಗುತ್ತದೆ. ರಾಜ ತಾನೇ ಕಾರು ಹತ್ತಿ ಕೋಟೆ ಸುತ್ತಿ ಬಂದ. ಎಂಜಿನ್ ಎಲ್ಲಿಯೂ ಏದುಸಿರು ಬಿಡಲಿಲ್ಲ, ಟಕ್ ಅನ್ನಲಿಲ್ಲ.

“ವರ ಕೇಳು” ಎಂದ ಇಳಿದವನೇ.

“ಮೂವರ ಹಗ್ಗ ಬಿಚ್ಚಿಸ್ರಿ.”

ರಾಜ ಹೊನ್ನಪ್ಪನ ಗಂಟನ್ನು ತಾನೇ ಬಿಚ್ಚಿದ. “ನಿನಗಿದು ಗೊತ್ತಿರಲಿಲ್ಲವೇ?”

“ಗೊತ್ತಿತ್ರೀ. ಎರಡು ಸಲ ಹೇಳಾಕ ಬಂದೆ. ನಿಮ್ಮ ಮುಖ ನೋಡಿ ತಿರುಗಿ ಹೋದೆ.”

ರಾಜನಿಗೆ ನಾಚಿಕೆಯಾಯಿತು. ಎಣ್ಣೆ ಡಬ್ಬದ ಮೇಲೆ ಕೂತು, “ಇನ್ನೇನಾದರೂ ಇದ್ದರೆ ಈಗ ಹೇಳು” ಎಂದ.

ಹೊನ್ನಪ್ಪ ತಂಗಿಯ ಮುಖ ನೋಡಿದ.

“ಬ್ರೇಕೂ ಸರಿ ಇಲ್ರೀ, ಪ್ರಭು.”