ಸಾಹೇಬರ ಲೇಟೆಸ್ಟ್ ಕೋಟು

ನಮ್ಮ ಬಸ್ ಡಿಪೋ ಮ್ಯಾನೇಜರ್ ಚಿದಾನಂದಯ್ಯ ಸಾಹೇಬರು ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡೋ ಎಐ ತರಿಸಿದರು. ಲೇಟೆಸ್ಟ್ ವರ್ಷನ್ನಿನಲ್ಲೇ ಬರೆಸಬೇಕು ಅಂತ ಆಪರೇಟರ್ ರುದ್ರಾಣಿಗೆ ಹುಕುಂ. ಹಳೇ ಟಿಕೆಟ್ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ಓಡಲೇ ಇಲ್ಲ.

"ನಮ್ಮ ಕಂಪ್ಯೂಟರಿನ ವರ್ಷನ್ ಹೇಳಿದ್ರೆ ಎಐ ಅದಕ್ಕೆ ತಕ್ಕಂತೆ ಬರೆಯುತ್ತೆ ಸಾರ್" ಅಂದಳು ರುದ್ರಾಣಿ.

"ಪ್ರೋಗ್ರಾಂ ಸರಿಯಾಗಿದೆ. ಕಂಪ್ಯೂಟರಿನದೇ ತಪ್ಪು!" ಅಂತ ಸಾಹೇಬರು ಎಲ್ಲರೆದುರು ಗದರಿದರು.

ಆ ವಾರವೇ ಸಾಹೇಬರಿಗೆ ಸನ್ಮಾನ. ಕೋಟು ಹೊಲಿಸೋ ಕೆಲಸವನ್ನೂ ಅವಳಿಗೇ ಹೇಳಿದ್ದರು. ಹೊಸ ಕೋಟು ತೊಟ್ಟು ಗುಂಡಿ ಹಾಕಿದರು ನೋಡಿ, ಅದು ಕಿತ್ತು ಹಾರಿ ಟೀ ಲೋಟಕ್ಕೆ ಬಿತ್ತು.

"ಮೈ ಅಳತೆ ನೋಡದೆ ಹೊಲಿಸ್ತಾರೇನೇ?"

"ಲೇಟೆಸ್ಟ್ ಫ್ಯಾಷನ್ ಸಾರ್. ಕೋಟು ಸರಿಯಾಗಿದೆ. ಮೈಯದೇ ತಪ್ಪು."

ಕಂಡಕ್ಟರುಗಳೆಲ್ಲ ಗೋಡೆ ಕಡೆ ತಿರುಗಿಕೊಂಡರು. ಸಾಹೇಬರ ಕಿವಿ ಕೆಂಪಾಯಿತು. ಹೊಟ್ಟೆಗೆ ಫೈಲು ಅಡ್ಡ ಹಿಡಿದು, ನೆಲ ನೋಡುತ್ತಾ ಮೆಲ್ಲಗೆ ಅಂದರು:

"ಹಳೇ ವರ್ಷನ್ನಿಗೇ ಬರೆಸಮ್ಮ. ಹಾಗೇ... ಮನೆಯಿಂದ ನನ್ನ ಹಳೇ ಕೋಟು ತರಿಸು."