ನಮ್ಮವರಿಗೆ ಬಿದ್ದ ನೂಲು

ಇದು ನಡೆದದ್ದು ಮೊದಲ ಮಳೆಯಾದ ಒಂಬತ್ತನೆಯ ದಿನ, ಬೆಳಿಗ್ಗೆ.

ಕಾಡಿನ ಕೊಳವೊಂದಕ್ಕೆ ನಾಲ್ಕು ಬಗೆಯ ಕಾವಲಿತ್ತು. ಶತ್ರು ಬಂದೊಡನೆ ಕೆಂಜಿರುವೆಗಳು ಮುನ್ನುಗ್ಗಿ, ಕಚ್ಚಿ, ಸಾಯುತ್ತಿದ್ದವು. ತಂತುಮತಿ ಎಂಬ ಜೇಡ ಶತ್ರುವಿಗೆ ಅಂಟುನೂಲು ಸುತ್ತುತ್ತಿದ್ದಳು. ನೂಲು ಸುತ್ತಿದ್ದನ್ನೆಲ್ಲ ಉಡ ಭೈರಣ್ಣ ನುಂಗುತ್ತಿದ್ದ. ಹಿಂದೆ ಬಂದ ಶತ್ರುಗಳನ್ನೆಲ್ಲ ನೆನಪಿಟ್ಟವಳು ಆಮೆ, ಕೂರ್ಮಜ್ಜಿ. ಅವಳು ಮುಟ್ಟಿ ನೋಡಿ "ಪರರು" ಎನ್ನುವವರೆಗೆ ಯಾರಿಗೂ ನೂಲು ಸುತ್ತಬಾರದೆಂಬುದು ಕೊಳದ ಕಟ್ಟಳೆ.

ಮಕ್ಕಳೇ, ನಿಮ್ಮ ರಕ್ತದ ಬಿಳಿ ಕಣಗಳೂ ಹೀಗೆಯೇ ಕೆಲಸ ಹಂಚಿಕೊಂಡಿವೆ. ಮೊದಲು ಓಡಿ ಬಂದು ಮಡಿಯುವ ಕಣ ಬೇರೆ, ನುಂಗುವ ಕಣ ಬೇರೆ; ಗುರುತು ಹಚ್ಚುವುದು ಬೇರೆ, ನೆನಪಿಡುವುದು ಬೇರೆ.

ಅಂದು ಕೊಳಕ್ಕೆ ಜಿಗಣೆಗಳು ನುಗ್ಗಿದವು. ಇರುವೆಗಳು ಸಾಲುಸಾಲಾಗಿ ಸತ್ತವು. ಕೂರ್ಮಜ್ಜಿ ಆಚೆ ದಡದಿಂದ ಆಗಷ್ಟೇ ಹೊರಟಿದ್ದಳು.

"ತಾಳು ತಂಗಿ, ಅಜ್ಜಿ ಬರಲಿ," ಎಂದ ಭೈರಣ್ಣ.

"ಅವರು ಬರುವಷ್ಟರಲ್ಲಿ ಕೊಳವೇ ಬತ್ತೀತು. ಕಪ್ಪಗಿದೆ, ನುಣ್ಣಗಿದೆ, ನೀರಿನಲ್ಲಿ ನುಲಿಯುತ್ತಿದೆ. ಜಿಗಣೆಯಲ್ಲದೆ ನಿಮ್ಮ ಸೋದರಮಾವನೇ?"

"ನನಗೆ ಕಣ್ಣು ಮಂದ. ನೂಲನ್ನು ನಂಬಿ ನುಂಗುವವನು ನಾನು."

"ಹಾಗಾದರೆ ಬಾಯಿ ತೆರೆದುಕೊಂಡಿರಿ, ಅಣ್ಣ. ಮಾತಿಗಲ್ಲ."

ತಂತುಮತಿ ಜೊಂಡಿನಿಂದ ಜೊಂಡಿಗೆ ಜೋತಾಡುತ್ತ, ಕಪ್ಪಗೆ ಕಂಡದ್ದಕ್ಕೆಲ್ಲ ನೂಲು ಸುತ್ತಿದಳು. ಇಷ್ಟು ಬೇಗ ಇಷ್ಟು ಕೆಲಸವನ್ನು ಅವಳು ಎಂದೂ ಮಾಡಿರಲಿಲ್ಲ. ಕೊನೆಯ ಕೆಲವಕ್ಕೆ ಬಾಲವಿತ್ತು. ಅದು ಅವಳ ಕಣ್ಣಿಗೆ ಬಿತ್ತು. ಆದರೂ ಕಾಲುಗಳು ನಿಲ್ಲಲಿಲ್ಲ.

ಅಷ್ಟರಲ್ಲಿ ಕಪ್ಪೆ ಗೌರಕ್ಕ ಈಜಿ ಬಂದಳು.

"ತಂತುಮತಿ, ನನ್ನ ಮರಿಗಳು ಈ ಜೊಂಡಿನ ಬುಡದಲ್ಲಿದ್ದವು. ಕಂಡೆಯಾ?"

ತಂತುಮತಿಯ ಎಂಟು ಕಾಲುಗಳೂ ಮರಗಟ್ಟಿದವು. ಭೈರಣ್ಣನ ತುಟಿಯಂಚಿನಲ್ಲಿ ಪುಟ್ಟದೊಂದು ಬಾಲ ಅಲುಗಿತು. ಅಲುಗಿ ಒಳಗೆ ಹೋಯಿತು.

"ನೂಲಿತ್ತು," ಎಂದ ಭೈರಣ್ಣ. ಮತ್ತೆ ಅದನ್ನೇ ಹೇಳಿದ. "ನೂಲಿತ್ತು, ಗೌರಕ್ಕ."

ಗೌರಕ್ಕ ಜೊಂಡಿನ ಬುಡಕ್ಕೆ ಮುಳುಗಿ ಹುಡುಕತೊಡಗಿದಳು.

ಕೂರ್ಮಜ್ಜಿ ದಡ ಸೇರಿದಾಗ ಒಂದೇ ಒಂದು ಮರಿ ಉಳಿದಿತ್ತು. ಅದರ ಮೈಗೂ ನೂಲು ಅಂಟಿತ್ತು. ಅಜ್ಜಿ ಮುಟ್ಟಿ ನೋಡಿದಳು.

"ನಮ್ಮವರು. ನೂಲು ಬಿಚ್ಚು."

"ಸುತ್ತುವುದಷ್ಟೇ ನನಗೆ ಗೊತ್ತು, ಅಜ್ಜಿ. ಬಿಚ್ಚುವುದನ್ನು ನಾನು ಕಲಿತಿಲ್ಲ."

ನೂಲು ಕಂಡ ಭೈರಣ್ಣನ ಬಾಯಿ ತಾನಾಗಿಯೇ ತೆರೆಯತೊಡಗಿತು. ಅವನು ಥಟ್ಟನೆ ಮುಖ ತಿರುಗಿಸಿದ.

"ಆ ನೂಲು ಸವೆದು ಬೀಳುವವರೆಗೆ ನಾನು ಇಲ್ಲಿರಕೂಡದು," ಎಂದು ಕಾಡಿನತ್ತ ನಡೆದ. ನೀರಿನಲ್ಲಿ ಜಿಗಣೆಗಳು ಇನ್ನೂ ಇದ್ದವು. ಅವನ್ನು ನುಂಗುವವರು ಯಾರೂ ಇರಲಿಲ್ಲ.

ಆಗ ದಡದ ಬಳಿ ಉಳಿದಿದ್ದವರು: ಕೂರ್ಮಜ್ಜಿ, ಗೌರಕ್ಕ, ಅವಳ ಒಂದು ಮರಿ, ತಂತುಮತಿ.

ನೀತಿ: ತನ್ನವರನ್ನು ಗುರುತಿಸದ ಕಾವಲುಗಾರ ಶತ್ರುವಿಗಿಂತ ದೊಡ್ಡ ಕೇಡಿಗ.